ಬ್ಯಾಕ್ಟೀರಿಯಭಕ್ಷಕಗಳೂ ಅವುಗಳ ಕಿಣ್ವಗಳೂ

೧೮೯೬ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿಯು, ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ರೋಗದ ಬ್ಯಾಕ್ಟೀರಿಯಗಳು ಬಹುಬೇಗ ನಾಶವಾಗುವುವೆಂದೂ, ನೀರನ್ನು ಕುದಿಸಿದರೆ ಆ ಗುಣವು ಅಡಗುವುದೆಂದೂ ಪ್ರಕಟಿಸಿದನು. ಕಾರಣವು ಆಗ ತಿಳಿಯಲಿಲ್ಲ. ೧೯೧೫ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಟ್ವಾರ್ಟನೂ ೧೯೧೭ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲನೂ ಬ್ಯಾಕ್ಟೀರಿಯಗಳನ್ನು ಕೊಲ್ಲುವ ಅತಿಸೂಕ್ಷ್ಮ ವಸ್ತುವೊಂದನ್ನು ಪ್ರತ್ಯೇಕವಾಗಿ ಕಂಡರು. ದೆರೆಲನು ಅದನ್ನು 'ಬ್ಯಾಕ್ಟೀರಿಯೋಫೇಜ್', ಎಂದರೆ ಬ್ಯಾಕ್ಟೀರಿಯಭಕ್ಷಕ, ಎಂದು ಕರೆದನು. ಹ್ಯಾಂಕಿನ್ ಕಂಡದ್ದೂ ಇದರ ಕಾರ್ಯವೇ ಆಗಿರಬಹುದೆಂದು ಅನಂತರದವರು ಊಹಿಸಿದ್ದಾರೆ.

ಭಕ್ಷಕವೆಂಬ ಹೆಸರಿದ್ದರೂ ಇದು ಬಾಯಿಂದ ನುಂಗುವ ಪ್ರಾಣಿಯಲ್ಲ. ಬ್ಯಾಕ್ಟೀರಿಯಕ್ಕಿಂತ ಎಷ್ಟೋ ಚಿಕ್ಕದಾದ ವೈರಸ್. ಇದಕ್ಕೆ ಸ್ವಂತ ಚಲನೆಯೂ ಇಲ್ಲ. ದ್ರವದಲ್ಲಿ ತೇಲುತ್ತ ಅಕಸ್ಮಾತ್ತಾಗಿ ಬ್ಯಾಕ್ಟೀರಿಯವನ್ನು ತಾಕಬೇಕು. ತಾಕಿದಾಗ ತನಗೆ ತಕ್ಕುದನ್ನು ಗುರುತಿಸಿ ಹಿಡಿಯಬೇಕು. ಹಿಡಿದ ಮೇಲೆ ಗೋಡೆಯನ್ನು ಭೇದಿಸಬೇಕು. ಈ ಕಾರ್ಯದಲ್ಲಿ ಅದಕ್ಕೆ ನೆರವಾಗುವ ಆಯುಧಗಳೇ ಕಿಣ್ವಗಳು.

ಅನೇಕ ಬ್ಯಾಕ್ಟೀರಿಯಗಳ ಮೈಮೇಲೆ ಸಕ್ಕರೆಯ ಅಣುಗಳು ಸರಪಣಿಯಾಗಿ ಹೆಣೆದ ಹೊದಿಕೆಯಿರುತ್ತದೆ. ಸಾಲ್ಮೊನೆಲ್ಲವನ್ನು ಆಕ್ರಮಿಸುವ 'ಪಿ ೨೨' ಎಂಬ ಭಕ್ಷಕದ ಗಿಡ್ಡ ಬಾಲದ ಸುತ್ತ ಆರು ಮುಳ್ಳುಗಳಿವೆ. ಪ್ರತಿಯೊಂದು ಮುಳ್ಳೂ ಮೂರು ಸಮಾನ ಪ್ರೋಟೀನು ಎಳೆಗಳ ಜೋಡಣೆ. ಅದು ಸರಪಣಿಯನ್ನು ಹಿಡಿಯುವ ಕೈಯೂ ಹೌದು, ಕತ್ತರಿಸುವ ಕಿಣ್ವವೂ ಹೌದು. ಹಿಡಿಯುತ್ತ ಕಡಿಯುತ್ತ ವೈರಸ್ಸು ಹೊದಿಕೆಯೊಳಗೆ ದಾರಿಮಾಡಿಕೊಂಡು ಪೊರೆಯನ್ನು ಸೇರುತ್ತದೆ.

'ಟಿ ೪' ಭಕ್ಷಕದ ಕ್ರಮವು ಬೇರೆ. ಇದರ ಉದ್ದನೆಯ ಆರು ಎಳೆಗಳು ಇ. ಕೋಲಿಯ ಮೈಯನ್ನು ತಡವಿ ಗುರುತಿಸುತ್ತವೆ. ಬಳಿಕ ಗಿಡ್ಡ ಎಳೆಗಳು ಬಿಚ್ಚಿಕೊಂಡು ಬಿಗಿಯಾಗಿ ಕಚ್ಚುತ್ತವೆ. ಆಗ ಬಾಲದ ಹೊರಕವಚವು ಕುಗ್ಗಿ, ಒಳಗಿನ ನಳಿಕೆಯನ್ನು ಹೊರಪೊರೆಯ ಮೂಲಕ ತಳ್ಳುತ್ತದೆ. ನಳಿಕೆಯ ತುದಿಯಲ್ಲಿ ಲೈಸೋಜೈಮ್ ಜಾತಿಯ ಕಿಣ್ವವಿದೆ. ೧೯೨೨ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ವರ್ಣಿಸಿದ, ಮನುಷ್ಯನ ಕಣ್ಣೀರಿನಲ್ಲಿರುವ ಲೈಸೋಜೈಮಿನಂತೆಯೇ ಇದೂ ಬ್ಯಾಕ್ಟೀರಿಯದ ಗೋಡೆಯನ್ನು ಸವೆಸುತ್ತದೆ. ಆದರೆ ಒಂದು ಚಿಕ್ಕ ರಂಧ್ರಕ್ಕೆ ಬೇಕಾದಷ್ಟು ಮಾತ್ರ. ಆ ದಾರಿಯಲ್ಲಿ ಡಿ.ಎನ್.ಎ. ಒಳಸೇರುತ್ತದೆ, ಖಾಲಿ ಚಿಪ್ಪು ಹೊರಗುಳಿಯುತ್ತದೆ. ೧೯೫೨ರಲ್ಲಿ ಹರ್ಷೆ ಮತ್ತು ಚೇಸ್ ಅವರು ಇದರ ಸೋದರ ಜಾತಿಯಾದ 'ಟಿ ೨'ರ ಪ್ರಯೋಗದಿಂದ, ಒಳಸೇರಿ ಸಂತತಿಯನ್ನು ಬೆಳೆಸುವುದು ಮುಖ್ಯವಾಗಿ ಡಿ.ಎನ್.ಎ.ಯೇ ಎಂದು ತೋರಿಸಿದರು.

ಸುಮಾರು ಅರ್ಧ ಗಂಟೆಯಲ್ಲಿ ಒಳಗೆ ನೂರಾರು ಮರಿಗಳು ಸಿದ್ಧವಾಗುತ್ತವೆ. ಆಗ ಹೋಲಿನ್ ಎಂಬ ಪ್ರೋಟೀನು ಒಳಪೊರೆಯಲ್ಲಿ ರಂಧ್ರಗಳನ್ನು ಕೊರೆಯುತ್ತದೆ. ಎಂಡೋಲೈಸಿನ್ ಎಂಬ ಕಿಣ್ವವು ಅವುಗಳ ಮೂಲಕ ಗೋಡೆಯನ್ನು ಮುಟ್ಟಿ ಕರಗಿಸುತ್ತದೆ. ಬ್ಯಾಕ್ಟೀರಿಯವು ಒಡೆದು, ಮರಿಗಳು ಹೊರಚೆಲ್ಲುತ್ತವೆ.

ಪ್ರತಿಜೈವಿಕಗಳಿಗೆ ಮಣಿಯದ ರೋಗಾಣುಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಈ ವಿಚಾರವು ಕೇವಲ ಕುತೂಹಲದ್ದಲ್ಲ. ಎಳೆಗೂಸುಗಳ ಮಿದುಳುಪೊರೆಯ ಉರಿಯೂತಕ್ಕೆ ಕಾರಣವಾಗುವ ಇ. ಕೋಲಿಯ 'ಕೆ ೧' ಬಗೆಯು ತೊಡುವ ಕವಚವು ಮನುಷ್ಯನ ನರಕೋಶಗಳ ಮೇಲಿನ ಸಕ್ಕರೆ ಸರಪಣಿಯನ್ನು ಹೋಲುವುದರಿಂದ, ದೇಹವು ಅದನ್ನು ಪರಕೀಯವೆಂದು ಸುಲಭವಾಗಿ ಗುರುತಿಸಲಾರದು. ಆದರೆ ಕೆಲವು ಭಕ್ಷಕಗಳು ಆ ಕವಚವನ್ನೇ ಹಿಡಿದು ಕಡಿಯುತ್ತವೆ. ಇಂಗ್ಲೆಂಡಿನಲ್ಲಿ ಸ್ಮಿತ್ ಮತ್ತು ಹಗಿನ್ಸ್ ಅವರು ೧೯೮೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇಂತಹ ಭಕ್ಷಕವು ಸೋಂಕು ತಗಲಿದ ಇಲಿಗಳನ್ನು ಹಲವು ಪ್ರತಿಜೈವಿಕಗಳಿಗಿಂತ ಚೆನ್ನಾಗಿ ಉಳಿಸಿತು. ಭಕ್ಷಕದಿಂದ ತಪ್ಪಿಸಿಕೊಂಡ ಬ್ಯಾಕ್ಟೀರಿಯಗಳು ಕವಚವನ್ನು ಕಳೆದುಕೊಂಡಿದ್ದವು; ಅದರೊಡನೆ ಅವುಗಳ ಮಾರಕಶಕ್ತಿಯೂ ಕುಂದಿತ್ತು.

ಈ ಮಾರ್ಗಕ್ಕೂ ಮಿತಿಯುಂಟು. ಒಂದು ಬಗೆಯ ಕವಚವನ್ನು ಕಡಿಯುವ ಕಿಣ್ವವು ಇನ್ನೊಂದರ ಮೇಲೆ ನಿಷ್ಫಲವಾಗುವುದು ಸಾಮಾನ್ಯ. ಆದ್ದರಿಂದ ರೋಗಿಯಲ್ಲಿರುವ ಬ್ಯಾಕ್ಟೀರಿಯವು ಯಾವುದೆಂದು ಮೊದಲು ಅರಿಯಬೇಕಾಗುತ್ತದೆ. ಆದರೆ ದೇಹಕ್ಕೆ ಹಿತವಾದ ಇತರ ಬ್ಯಾಕ್ಟೀರಿಯಗಳನ್ನು ಬಹುಮಟ್ಟಿಗೆ ಮುಟ್ಟದೆ ಬಿಡುವ ಗುಣವೂ ಈ ಮಿತಿಯಿಂದಲೇ ಬಂದುದು.