ಪ್ರಾಚೀನ ಈಜಿಪ್ಟಿನ ತಾಯಿತಗಳು

ತುಂಬಿದ ಬಸುರಿಯೊಬ್ಬಳು ನೀರುಕುದುರೆಯ ಪುಟ್ಟ ಬೊಂಬೆಯನ್ನು ಕೊರಳಿಗೆ ಕಟ್ಟಿಕೊಂಡಿದ್ದಳೆಂದರೆ ನಮಗೆ ನಗು ಬಂದೀತು. ನೈಲ್ ನದಿಯ ದಂಡೆಯಲ್ಲಿ ಬಾಳಿದ ಪ್ರಾಚೀನ ಈಜಿಪ್ಟಿನ ಹೆಂಗಸಿಗೆ ಅದು ನಗೆಯ ಮಾತಾಗಿರಲಿಲ್ಲ. ಹೆರಿಗೆಯೆಂದರೆ ಅವಳಿಗೆ ಸಾವುಬದುಕುಗಳ ನಡುವಣ ಹೊಸ್ತಿಲು. ಅದನ್ನು ದಾಟಿಸುವ ಹೊಣೆ ತವೆರೆತ್ ಎಂಬ ದೇವಿಯದು. 'ದೊಡ್ಡವಳು' ಎಂಬುದೇ ಆ ಹೆಸರಿನ ಅರ್ಥ.

ಈ ದೇವಿಯ ರೂಪ ವಿಚಿತ್ರವಾದುದು. ಒಡಲು ಗರ್ಭಿಣಿಯಾದ ನೀರುಕುದುರೆಯದು; ಕೈಕಾಲುಗಳು ಸಿಂಹದವು; ಬೆನ್ನು ಮತ್ತು ಬಾಲ ಮೊಸಳೆಯವು; ಜೋಲುವ ಮೊಲೆಗಳು ಮಾತ್ರ ಮನುಷ್ಯಸ್ತ್ರೀಯವು. ಅನೇಕ ಮೂರ್ತಿಗಳಲ್ಲಿ ಅವಳು 'ಸ' ಎಂಬ ಚಿಹ್ನೆಯ ಮೇಲೆ ಕೈಯೂರಿ ನಿಂತಿರುತ್ತಾಳೆ. 'ಸ' ಎಂದರೆ ರಕ್ಷೆ. ದನಗಾಹಿಯು ಮಳೆಗಾಳಿಗೆ ಮರೆಮಾಡಿಕೊಳ್ಳುತ್ತಿದ್ದ ಚಾಪೆಯ ಸುರುಳಿಯೇ ಆ ಚಿಹ್ನೆಗೆ ಮೂಲವಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಇಂತಹ ದೇವತೆಗಳನ್ನು ಕಂಡು ಹಾಸ್ಯಮಾಡಿದವರಲ್ಲಿ ನಾವು ಮೊದಲಿಗರಲ್ಲ. ರೋಮಿನ ಕವಿ ಜೂವೆನಾಲನು ತನ್ನ ಹದಿನೈದನೆಯ ವಿಡಂಬನೆಯ ಆರಂಭದಲ್ಲಿಯೇ ಮೊಸಳೆಯನ್ನು ಪೂಜಿಸುವ ಈಜಿಪ್ಟಿನವರನ್ನು ಹಂಗಿಸಿದ್ದಾನೆ. ಕವಿಗೆ ಚಾಟಿ ಬೀಸುವುದರಲ್ಲಿದ್ದ ಆಸಕ್ತಿ ಅರ್ಥಮಾಡಿಕೊಳ್ಳುವುದರಲ್ಲಿ ಇರಲಿಲ್ಲವೆಂದೇ ನಮಗೆ ತೋರುತ್ತದೆ. ನೀರುಕುದುರೆಯನ್ನು ಈಜಿಪ್ಟಿನ ಒಕ್ಕಲಿಗನು ಬಲ್ಲಷ್ಟು ಆ ರೋಮನನು ಬಲ್ಲನೆ? ಇರುಳಿನಲ್ಲಿ ನದಿಯಿಂದೆದ್ದು ಬಂದು ಬೆಳೆಯನ್ನು ತಿಂದು ತುಳಿದು ಹಾಳುಮಾಡುವ ಪ್ರಾಣಿಯದು. ಕೆಣಕಿದರೆ ದೋಣಿಯನ್ನೇ ಮಗುಚಿಬಿಡುತ್ತದೆ. ಗಂಡು ನೀರುಕುದುರೆಯನ್ನು ಅವರು ಕ್ಷೋಭೆಯ ದೇವತೆಯಾದ ಸೇತ್‌ನ ರೂಪವೆಂದೆಣಿಸಿ ದ್ವೇಷಿಸಿದರು. ಆದರೆ ಮರಿಯೊಡನಿರುವ ಹೆಣ್ಣಿನ ಬಳಿಗೆ ಮೊಸಳೆಯೂ ಸುಳಿಯಲು ಅಂಜುತ್ತದೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಅಷ್ಟೊಂದು ಭಯಂಕರವಾದುದು ತನ್ನ ಕೂಸಿನ ಪಕ್ಷದಲ್ಲಿ ನಿಂತರೆ! ತಾಯಿತವನ್ನು ಕಟ್ಟಿಕೊಂಡವಳ ಎಣಿಕೆ ಇದು.

ಭಯಪಡಿಸುವುದನ್ನೇ ಕಾವಲಿಗಿಡುವ ಈ ಕ್ರಮವು ಬೇರೆಡೆಗಳಲ್ಲಿಯೂ ಕಾಣುತ್ತದೆ. ಮರಳುಗಾಡಿನ ಅಂಚಿನಲ್ಲಿ ಹೂಳಿದ ಹೆಣಗಳನ್ನು ಗುಳ್ಳೆನರಿಗಳು ಕೆದಕುತ್ತಿದ್ದುವು. ಗೋರಿಗಳ ಕಾವಲುಗಾರನಾದ ಅನುಬಿಸನಿಗೆ ಗುಳ್ಳೆನರಿಯ ಮುಖವೇ ಬಂದಿತು. ಚೇಳು ಕುಟುಕದಂತೆ ಕಾಯುವವಳು ಚೇಳಿನ ದೇವತೆಯಾದ ಸೆರ್ಕೆತ್. ಆದರೆ ಎಲ್ಲ ತಾಯಿತಗಳನ್ನೂ ಈ ಒಂದೇ ಸೂತ್ರಕ್ಕೆ ಪೋಣಿಸಲಾಗದು. ಬಸ್ತೆತ್ ದೇವಿಯ ಬೆಕ್ಕು ಮರಿಗಳೊಡನೆ ಕುಳಿತಿರುವ ರಕ್ಷೆಗಳಲ್ಲಿ ಸಂತಾನದ ಹಂಬಲವಿದೆಯೇ ಹೊರತು ಭಯವಿಲ್ಲ. ಸಗಣಿಯ ಉಂಡೆಯನ್ನುರುಳಿಸುವ ಜೀರುಂಡೆಯಲ್ಲಿ ಅವರು ಉದಯಸೂರ್ಯನನ್ನು ಆಗಸಕ್ಕೆ ತಳ್ಳುವ ಖೆಪ್ರಿಯನ್ನು ಕಂಡರು. ಸತ್ತವರ ಎದೆಯ ಮೇಲಿಡುತ್ತಿದ್ದ ಕಲ್ಲಿನ ಜೀರುಂಡೆಯ ಹೊಟ್ಟೆಯ ಕಡೆ ಒಂದು ಬಿನ್ನಹವನ್ನು ಕೊರೆಯುತ್ತಿದ್ದರು. ಪರಲೋಕದ ವಿಚಾರಣೆಯಲ್ಲಿ ನನ್ನ ಹೃದಯವೇ ನನಗೆ ವಿರುದ್ಧವಾಗಿ ಸಾಕ್ಷಿ ನುಡಿಯದಿರಲಿ ಎಂಬುದು ಅದರ ತಾತ್ಪರ್ಯ. ಅವರು ಹಾವುಚೇಳುಗಳಿಗೆ ಮಾತ್ರ ಅಂಜುತ್ತಿದ್ದರೆಂದು ಹೇಳುವಂತಿಲ್ಲವಷ್ಟೆ.

ಈ ರಕ್ಷೆಗಳ ಸಂಖ್ಯೆ ಅಪಾರ. ಪ್ರಾಕ್ತನಶಾಸ್ತ್ರಜ್ಞರಾದ ಫ್ಲಿಂಡರ್ಸ್ ಪೆಟ್ರಿಯವರು 1914ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 275 ಬಗೆಗಳನ್ನು ವಿಂಗಡಿಸಿದ್ದಾರೆ. ಅರಸರಿಗೆ ಚಿನ್ನವೂ ಬೆಲೆಯುಳ್ಳ ಕಲ್ಲುಗಳೂ ಇದ್ದುವು. 1925ರಲ್ಲಿ ತುತಾಂಖಾಮೆನನ ಶವದ ಬಟ್ಟೆಯ ಸುತ್ತುಗಳನ್ನು ಬಿಡಿಸಿದಾಗ ಒಡವೆ, ತಾಯಿತ ಮುಂತಾದ 143 ವಸ್ತುಗಳು ದೊರೆತುವು. ಬಡವರ ಪಾಲಿಗಿದ್ದುದು ಬೆಣಚುಕಲ್ಲಿನ ಪುಡಿ. ಅದಕ್ಕೆ ತುಸು ಸುಣ್ಣವನ್ನೂ ಕ್ಷಾರವನ್ನೂ ತಾಮ್ರದ ಅಂಶವನ್ನೂ ಬೆರೆಸಿ, ನೀರಿನಲ್ಲಿ ಕಲಸಿ, ಸುಟ್ಟ ಮಣ್ಣಿನ ಅಚ್ಚಿನಲ್ಲಿ ಒತ್ತಿ ತೆಗೆಯುತ್ತಿದ್ದರು. ಬೊಂಬೆಯು ಆರುವಾಗ ಲವಣಗಳು ಮೇಲ್ಮೈಗೆ ಬರುತ್ತವೆ. ಬೆಂಕಿಯಲ್ಲಿ ಅವು ಕರಗಿ ಗಾಜಿನಂತೆ ಹೊಳೆಯುತ್ತವೆ. ತಾಮ್ರದಿಂದ ನೀಲಿಹಸುರು ಬಣ್ಣ ಬರುತ್ತದೆ. ಹಸುರು ಅವರಿಗೆ ಪೈರಿನ ಬಣ್ಣ, ಹೊಸ ಬದುಕಿನ ಬಣ್ಣ.

ಇಂತಹ ಅಚ್ಚುಗಳು ಸಾವಿರಗಟ್ಟಲೆಯಾಗಿ ಸಿಕ್ಕಿದುದು ಅಮರ್ನದಲ್ಲಿ. ಇದು ಸೋಜಿಗದ ಸಂಗತಿ. ಕ್ರಿ. ಪೂ. ಸುಮಾರು 1350ರಲ್ಲಿ ಅಖೆನಾತೆನ್ ದೊರೆಯು, ಸೂರ್ಯಬಿಂಬವಾದ ಆತೆನನೊಬ್ಬನೇ ದೇವರೆಂದು ಸಾರಿ, ಆ ದೇವರಿಗಾಗಿಯೇ ಕಟ್ಟಿಸಿದ ಹೊಸ ರಾಜಧಾನಿಯದು. ಆತೆನನಿಗೆ ಮೃಗದ ಮೋರೆಯಿಲ್ಲ. ಕೈಗಳಾಗಿ ಚಾಚುವ ಕಿರಣಗಳುಂಟು, ಅಷ್ಟೆ. ಅಮುನ್ ದೇವನ ಹೆಸರನ್ನು ಗುಡಿಗಳ ಕಲ್ಲುಗಳಿಂದ ಕೆತ್ತಿಹಾಕಿಸಿದ ಅರಸನು ತನ್ನ ಊರಿನ ಹೆಂಗಸರ ಕೊರಳುಗಳನ್ನು ಶೋಧಿಸಲು ಹೋಗಲಿಲ್ಲವೆಂದು ಕಾಣುತ್ತದೆ. ಅಲ್ಲಿಯ ಮನೆಗಳಲ್ಲಿ ತವೆರೆತಳ ತಾಯಿತಗಳು ದೊರೆತಿವೆ. ಕೆಲಸಗಾರರ ಕೇರಿಯ ಮನೆಯೊಂದರ ಗೋಡೆಯ ಮೇಲೆ ಅವಳ ಚಿತ್ರವೂ ಇದ್ದಿತು.

ಆ ಊರಿನ ಪೂರ್ವದ ಕಣಿವೆಯಲ್ಲಿ ರಾಜವಂಶದ ಗೋರಿಯಿದೆ. ಅದರೊಳಗಣ ಕೋಣೆಯೊಂದರ ಗೋಡೆಯಲ್ಲಿ ದೊರೆಯೂ ರಾಣಿ ನೆಫರ್ತಿತಿಯೂ ಸತ್ತ ಮಗಳ ಮುಂದೆ ನಿಂತು ಅಳುತ್ತಿರುವಂತೆ ಕೆತ್ತಿದ್ದಾರೆ. ಆ ಹುಡುಗಿಯ ಹೆಸರು ಮೆಕೆತಾತೆನ್. ಆತೆನನ ರಕ್ಷೆಯುಳ್ಳವಳೆಂದು ಆ ಹೆಸರಿಗೆ ಹಲವರು ಅರ್ಥ ಹೇಳುತ್ತಾರೆ.