ಆಸ್ಪತ್ರೆಯ ಛಾವಣಿಯ ಮೇಲೆ ಸೌರಶಕ್ತಿ

ಸೂರ್ಯನನ್ನು ಜಗತ್ತಿನ ಕಣ್ಣೆಂದೂ ಆರೋಗ್ಯವನ್ನೀಯುವವನೆಂದೂ ಪ್ರಾಚೀನರು ಕೊಂಡಾಡಿದರು. ಆ ಮಾತು ಇಂದು ಮತ್ತೊಂದು ಅರ್ಥದಲ್ಲಿಯೂ ನಿಜವಾಗುತ್ತಿದೆ. ರೋಗಿಗಳು ಮಲಗಿರುವ ಕಟ್ಟಡದ ನೆತ್ತಿಯ ಮೇಲೆಯೇ ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಕೆಳಗಿನ ಶಸ್ತ್ರಚಿಕಿತ್ಸಾ ಕೊಠಡಿಯ ದೀಪವನ್ನು ಬೆಳಗುವ ಉಪಾಯವು ಈಗ ಕೈಗೆಟುಕಿದೆ. ಆದರೆ ಸೌರಫಲಕವನ್ನು ಛಾವಣಿಗೇರಿಸುವುದು ಬೇರೆ. ವಿದ್ಯುತ್ ಸರಬರಾಜು ನಿಂತ ಇರುಳಿನಲ್ಲಿ ಆ ದೀಪ ಆರದಂತೆ ಮಾಡುವುದು ಬೇರೆ. ಇವೆರಡರ ಅಂತರವನ್ನು ಅರಿಯದೆ ಮಾಡಿದ ವ್ಯವಸ್ಥೆಯು ಶೋಭೆಗೆ ಮಾತ್ರ ಸಲ್ಲುತ್ತದೆ.

ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ತು ಹೊಸದಲ್ಲ. 1948ರಲ್ಲಿ ಜೋಗದ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿತು. ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿಯೇ ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿತ್ತು. ಹೀಗೆ ನಾಡಿಗೆಲ್ಲ ಬೆಳಕನ್ನು ಹಂಚಿದ ಜಿಲ್ಲೆಯಲ್ಲಿಯೂ ಮಳೆಗಾಲದ ಗಾಳಿಗೆ ಮರವುರುಳಿ ತಂತಿ ಹರಿದಾಗ ಕತ್ತಲೆ ಕವಿಯುವುದುಂಟು. ಮನೆಯಲ್ಲಾದರೆ ಬುಡ್ಡಿದೀಪವೋ ಮೇಣದಬತ್ತಿಯೋ ಆ ಹೊತ್ತನ್ನು ಕಳೆಯಿಸುತ್ತದೆ. ಅವಧಿಗೆ ಮುನ್ನ ಹುಟ್ಟಿ ಬಿಸಿಪೆಟ್ಟಿಗೆಯಲ್ಲಿ ಮಲಗಿರುವ ಶಿಶುವಿಗೆ, ಕೃತಕ ಉಸಿರಾಟದ ಯಂತ್ರವನ್ನು ನೆಚ್ಚಿದ ರೋಗಿಗೆ ಅಂತಹ ಸಮಾಧಾನವಿಲ್ಲ.

ಸೌರಫಲಕದ ತತ್ತ್ವವು ಸರಳವಾದುದು. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುವುದನ್ನು ಫ್ರಾನ್ಸಿನ ಬೆಕ್ವೆರೆಲ್ 1839ರಲ್ಲಿ ಕಂಡನು. ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಸಿಲಿಕಾನಿನಿಂದ ಉಪಯುಕ್ತವಾದ ಸೌರಕೋಶವನ್ನು ಮಾಡಿ ತೋರಿಸಿದರು. ಮರಳಿನಲ್ಲಿ ಅಡಗಿರುವ ಮೂಲವಸ್ತುವೇ ಈ ಸಿಲಿಕಾನು. ಫಲಕದಿಂದ ಹೊರಡುವುದು ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು. ಅದನ್ನು ಆಸ್ಪತ್ರೆಯ ಉಪಕರಣಗಳಿಗೆ ಒಗ್ಗುವ ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸುವುದು ಇನ್ವರ್ಟರಿನ ಕೆಲಸ. ಒಂದು ಕಿಲೋವ್ಯಾಟ್ ಸಾಮರ್ಥ್ಯಕ್ಕೆ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ಅದರಿಂದ ದಿನಕ್ಕೆ ಸುಮಾರು 4 ಯೂನಿಟ್ ದೊರೆಯುತ್ತದೆ. ಆಷಾಢದ ಮೋಡ ಮುಸುಕಿದಾಗ ಇದು ಬಹಳ ಇಳಿಯುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಊರುಗಳು ಈ ಲೆಕ್ಕವನ್ನು ಮರೆಯಲಾಗದು.

ಇಲ್ಲಿ ಬಹುಮಂದಿಗೆ ತಿಳಿಯದ ಸಂಗತಿಯೊಂದಿದೆ. ಸರಬರಾಜಿನ ತಂತಿಗೆ ಜೋಡಿಸಿದ ಸಾಮಾನ್ಯ ಸೌರವ್ಯವಸ್ಥೆಯು, ಆ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಂತುಬಿಡುತ್ತದೆ. ಸುಡುಬಿಸಿಲಿನ ನಡುಹಗಲಿನಲ್ಲಿಯೂ ನಿಲ್ಲುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ ಏರ್ಪಾಡು. ಹಾಗಿಲ್ಲದಿದ್ದರೆ, ವಿದ್ಯುತ್ತಿಲ್ಲವೆಂದು ನಂಬಿ ಕಂಬವೇರಿದ ಲೈನ್‌ಮನ್ನನ ಪ್ರಾಣಕ್ಕೆ ಛಾವಣಿಯ ಮೇಲಿನ ವಿದ್ಯುತ್ತೇ ಮುಳುವಾದೀತು. ಆದುದರಿಂದ ಇಂತಹ ವ್ಯವಸ್ಥೆಯು ವಿದ್ಯುತ್ತಿನ ಬಿಲ್ಲನ್ನು ಇಳಿಸುತ್ತದೆಯೇ ಹೊರತು ಕತ್ತಲೆಯನ್ನು ನೀಗುವುದಿಲ್ಲ. ಕತ್ತಲೆ ನೀಗಬೇಕಾದರೆ ಬ್ಯಾಟರಿಯೂ, ಹೊರಗಿನ ತಂತಿಯಿಂದ ಬೇರ್ಪಟ್ಟು ಒಳಗಿನ ಉಪಕರಣಗಳನ್ನು ನಡೆಯಿಸಬಲ್ಲ ಇನ್ವರ್ಟರೂ ಇರಲೇಬೇಕು.

ಬ್ಯಾಟರಿಯಿಂದ ಇಡೀ ಆಸ್ಪತ್ರೆಯನ್ನು ನಡೆಯಿಸುವುದು ದುಸ್ಸಾಧ್ಯ. ಆದುದರಿಂದ ಮೊದಲು ಉಪಕರಣಗಳನ್ನು ವಿಂಗಡಿಸಬೇಕು. ಶಸ್ತ್ರಚಿಕಿತ್ಸೆಯ ದೀಪ, ಉಸಿರಾಟದ ಯಂತ್ರ, ಶಿಶುಗಳ ಬಿಸಿಪೆಟ್ಟಿಗೆ ಇವು ಕ್ಷಣವೂ ನಿಲ್ಲಕೂಡದವು. ಹೆರಿಗೆ ಕೊಠಡಿಯ ಸಾಮಾನ್ಯ ದೀಪಗಳು ಮತ್ತು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲಸಿಕೆಯನ್ನು ಕಾಪಾಡುವ ಶೀತಕಪಾಟು ಸ್ವಲ್ಪ ತಡೆಯಬಲ್ಲವು. ಕಚೇರಿಯ ಹವಾನಿಯಂತ್ರಣ, ಬಟ್ಟೆ ಒಗೆಯುವ ಯಂತ್ರ ಮೊದಲಾದವು ಕಾಯಬಲ್ಲವು. ಎಕ್ಸ್‌ರೇ ಮತ್ತು ಉಪಕರಣಗಳನ್ನು ಕುದಿಸಿ ಶುದ್ಧಮಾಡುವ ಯಂತ್ರಗಳ ಹೊರೆ ದೊಡ್ಡದು. ಅವನ್ನು ಜನರೇಟರಿಗೆ ಬಿಡುವುದೇ ಮೇಲು. 20 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಪೂರ್ತಿ ಬರಿದುಮಾಡದೆ ಬಳಸಿದರೆ, 2 ಕಿಲೋವ್ಯಾಟಿನ ಹೊರೆಯನ್ನು ಅದು ಸುಮಾರು 8 ಗಂಟೆಗಳ ಕಾಲ ಹೊರಬಲ್ಲದು. ಒಂದು ಇರುಳನ್ನು ದಾಟಿಸಲು ಇಷ್ಟು ಸಾಕು. ಹೊರೆಯನ್ನು ಆರಿಸಿಕೊಳ್ಳುವ ವಿವೇಕವೊಂದು ಬೇಕು.

ಇನ್ನು ಅಳವಡಿಸುವ ಕೆಲಸ. ಶಾಲೆಯ ಕಟ್ಟಡವಾದರೆ ಬೇಸಗೆಯ ರಜೆಯಲ್ಲಿ ಬಾಗಿಲು ಮುಚ್ಚಿ ಕೆಲಸ ಮಾಡಬಹುದು. ಆಸ್ಪತ್ರೆಗೆ ರಜೆಯೆಂಬುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂತಹ ದೊಡ್ಡ ಸಂಸ್ಥೆಯಾಗಲಿ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆಯಾಗಲಿ, ಹಗಲಿರುಳೂ ರೋಗಿಗಳನ್ನು ಬರಮಾಡಿಕೊಳ್ಳುತ್ತಲೇ ಇರಬೇಕು. ಛಾವಣಿಯನ್ನು ಕೊರೆದಾಗ ಏಳುವ ಧೂಳಿನಲ್ಲಿ ಬೂಷ್ಟಿನ ಸೂಕ್ಷ್ಮಬೀಜಗಳಿರುತ್ತವೆ. ದೇಹಬಲ ಕುಂದಿದ ರೋಗಿಯ ಶ್ವಾಸಕೋಶಕ್ಕೆ ಅವು ಅಪಾಯಕರ. ಆದುದರಿಂದ ಕೆಲಸದ ಜಾಗವನ್ನು ಮರೆಮಾಡಿ, ಒದ್ದೆಮಾಡಿ ಕೊರೆಯಬೇಕು. ಕೆಳಗಿನ ವಾರ್ಡನ್ನು ಆ ಹೊತ್ತಿಗೆ ತೆರವುಗೊಳಿಸುವುದು ಉತ್ತಮ. ಹೊಸ ತಂತಿಯನ್ನು ಹಳೆಯದಕ್ಕೆ ಕೂಡಿಸುವಾಗ ವಿದ್ಯುತ್ತನ್ನು ನಿಲ್ಲಿಸಲೇಬೇಕಾಗುತ್ತದೆ. ಜನರೇಟರನ್ನು ಮೊದಲೇ ಪರೀಕ್ಷಿಸಿ, ವೈದ್ಯರೂ ದಾದಿಯರೂ ಒಪ್ಪಿದ ಗಳಿಗೆಯಲ್ಲಿ ಒಂದೊಂದೇ ವಿಭಾಗವನ್ನು ಬದಲಾಯಿಸುವುದು ಸರಿಯಾದ ಕ್ರಮ. ಗುತ್ತಿಗೆದಾರನ ಅನುಕೂಲವು ಇಲ್ಲಿ ಕೊನೆಯದು.

ಛಾವಣಿಯ ಪರೀಕ್ಷೆಯೂ ಅಷ್ಟೇ ಮುಖ್ಯ. ಹಳೆಯ ಆಸ್ಪತ್ರೆಗಳಲ್ಲಿ ಒಂದು ಭಾಗ ಹೆಂಚಿನದು, ಮತ್ತೊಂದು ತಾರಸಿಯದು, ಇನ್ನೊಂದು ಈಚೆಗೆ ಸೇರಿಸಿದ್ದು ಎಂಬಂತಿರುವುದು ಸಾಮಾನ್ಯ. ಫಲಕ, ಚೌಕಟ್ಟು ಇವುಗಳ ಭಾರವನ್ನೂ ಗಾಳಿಯ ಎಳೆತವನ್ನೂ ಆ ಛಾವಣಿ ತಾಳಬಲ್ಲದೆಂದು ಎಂಜಿನಿಯರು ಲಿಖಿತವಾಗಿ ದೃಢಪಡಿಸಬೇಕು. ಫಲಕದ ಆಯುಸ್ಸು ಸುಮಾರು 25 ವರ್ಷ. ಸೋರುವ ತಾರಸಿಯ ಮೇಲೆ ಅದನ್ನು ಹೂಡಿದರೆ, ಮರುವರ್ಷವೇ ಎಲ್ಲವನ್ನೂ ಕಿತ್ತು ದುರಸ್ತಿ ಮಾಡಬೇಕಾದೀತು. ಸೋರಿಕೆಯನ್ನು ಮೊದಲೇ ತಡೆಯುವುದು ಜಾಣತನ. ಶಿವಮೊಗ್ಗವು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಫಲಕಗಳು ತೆಂಕಣಕ್ಕೆ ಮುಖಮಾಡಿ ಹೆಚ್ಚುಕಡಿಮೆ ಅಷ್ಟೇ ಬಾಗಿರುವುದು ಯುಕ್ತ. ಬಿಸಿಲಿರುವಷ್ಟು ಹೊತ್ತೂ ಫಲಕದಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಆದುದರಿಂದ ಅಗ್ನಿಶಾಮಕರು ನಡೆದಾಡಲು ದಾರಿ, ಕೈಗೆ ಸಿಗುವಂತೆ ಸಂಪರ್ಕ ಕಡಿಯುವ ಸ್ವಿಚ್ಚು, ಸಿಡಿಲಿನಿಂದ ರಕ್ಷಣೆ ಇವು ಇರಲೇಬೇಕು.

ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಹೊರೆ ಕಡಿಮೆಯಾದುದರಿಂದ ಕೆಲಸ ಸುಲಭ. ಕರ್ನಾಟಕದ ಆರೋಗ್ಯ ಇಲಾಖೆಯು ಸೆಲ್ಕೋ ಪ್ರತಿಷ್ಠಾನದೊಡಗೂಡಿ ಕೈಗೊಂಡ ‘ಸೌರ ಸ್ವಾಸ್ಥ್ಯ’ ಯೋಜನೆಯು ರಾಜ್ಯದ 5,000 ಸರ್ಕಾರಿ ಆರೋಗ್ಯ ಸಂಸ್ಥೆಗಳಿಗೆ ಸೌರವಿದ್ಯುತ್ತನ್ನು ಒದಗಿಸುವ ಗುರಿಯುಳ್ಳದ್ದು. ಆದರೆ ಕೇಂದ್ರ ಸಣ್ಣದಾಗಲಿ ದೊಡ್ಡದಾಗಲಿ, ಪಾಲನೆಯ ನಿಯಮ ಒಂದೇ. ಧೂಳು, ಹಕ್ಕಿಯ ಹಿಕ್ಕೆ, ಮಲೆನಾಡಿನ ತೇವಕ್ಕೆ ಹಿಡಿಯುವ ಪಾಚಿ ಇವನ್ನು ಆಗಾಗ್ಗೆ ತೊಳೆಯದಿದ್ದರೆ ಫಲಕ ಕುರುಡಾಗುತ್ತದೆ. ಬ್ಯಾಟರಿಯ ಆಯುಸ್ಸು ಫಲಕದಷ್ಟು ದೀರ್ಘವಲ್ಲ. ಅದನ್ನು ಬದಲಿಸುವ ಹಣವನ್ನು ಮೊದಲ ದಿನದಿಂದಲೇ ಕೂಡಿಡಬೇಕು.

ಉದ್ಘಾಟನೆಯ ದಿನ ಫಲಕದ ಕೆಳಗೆ ದಾನಿಯ ಹೆಸರನ್ನು ಕೆತ್ತಿಸುವವರು ಬಹಳ. ಎಂಟು ವರ್ಷಗಳ ಬಳಿಕ ಹೊಸ ಬ್ಯಾಟರಿಗೆ ಹಣ ಕೊಡುವವರು ವಿರಳ. ವಿದ್ಯೆ ಕಲಿತ ಊರಿನ ಆಸ್ಪತ್ರೆಗೆ ನೆರವಾಗಬಯಸುವ ಹಳೆಯ ವಿದ್ಯಾರ್ಥಿಗಳೂ ಉದಾರಿಗಳೂ ಹಣವನ್ನು ಕೊಡುವ ಮೊದಲು ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ವಿದ್ಯುತ್ತು ಹೋದಾಗ ಯಾವ ಯಂತ್ರ ನಡೆಯುತ್ತದೆ? ಎಷ್ಟು ಹೊತ್ತು ನಡೆಯುತ್ತದೆ? ಮುಂದೆ ಅದನ್ನು ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ತಕ್ಕ ಉತ್ತರ ದೊರೆತಲ್ಲಿ ಕೊಟ್ಟ ಹಣವು ಸಾರ್ಥಕವಾಗುತ್ತದೆ. ಮಳೆಗಾಳಿಯ ನಡುರಾತ್ರಿಯಲ್ಲಿ ಬಿಸಿಪೆಟ್ಟಿಗೆಯೊಳಗಿನ ಶಿಶು ಬೆಚ್ಚಗೆ ನಿದ್ರಿಸುತ್ತದೆ; ಹೊರಗೆ ಕುಳಿತ ತಾಯಿಗೆ ವಿದ್ಯುತ್ತು ಹೋದದ್ದೇ ತಿಳಿಯುವುದಿಲ್ಲ.