ಮೂವತ್ತೆಂಟರ ಜಿಕೊ

2015ರ ಡಿಸೆಂಬರ್ 20, ಭಾನುವಾರ. ಹಿಂದಿನ ದಿನವೇ ಪುಣೆ ಬಿಟ್ಟು, ಬೆಳಗಾವಿಯಲ್ಲಿ ಕಾಕಾನನ್ನು ಕಾರಿಗೆ ಹತ್ತಿಸಿಕೊಂಡು, ಚೋರ್ಲಾ ಘಾಟ್ ಇಳಿದು ಮಡಗಾಂವ್ ಸೇರಿದ್ದೆ. (ಕಾಕಾ ಎಂದರೆ ಬ್ರೆಜಿಲ್‌ನ ಆ ಇನ್ನೊಬ್ಬ ಕಾಕಾ ಅಲ್ಲ, ನಮ್ಮಪ್ಪನ ತಮ್ಮ.) ಫತೋರ್ಡಾ ಸ್ಟೇಡಿಯಂನಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಫೈನಲ್. ಎಫ್‌ಸಿ ಗೋವಾ ಮತ್ತು ಚೆನ್ನೈಯಿನ್ ನಡುವೆ. ನಿಜ ಹೇಳಬೇಕೆಂದರೆ ನಾವು ಮ್ಯಾಚ್ ನೋಡಲು ಹೋದವರಲ್ಲ. ಗೋವಾ ತಂಡದ ಕೋಚ್ ಆಗಿದ್ದ ಜಿಕೊ ಅವರನ್ನು ನೋಡಲು ಹೋದವರು.

87ನೇ ನಿಮಿಷದಲ್ಲಿ ಗೋವಾ 2-1ರಿಂದ ಮುಂದಾಯಿತು. ಸ್ಟೇಡಿಯಂ ಪೂರ್ತಿ ಎದ್ದು ಕುಣಿಯಿತು. ಮೂರೇ ನಿಮಿಷ ಕಳೆಯಬೇಕು, ಕಪ್ ಕೈಗೆ. ಅಷ್ಟರಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಅವರಿಗೆ ತಾಗಿ ಚೆಂಡು ನಮ್ಮದೇ ಗೋಲಿನೊಳಗೆ ಹೋಯಿತು. ಹೆಸರು ಕೇಳಿದರೇ ನಮ್ಮ ಕಡೆಯವರು ಅನ್ನಿಸುವ ಹುಡುಗ, ಹೊಟ್ಟೆ ಚುರ್ ಎಂದಿತು. ಇನ್ನೆರಡು ನಿಮಿಷಕ್ಕೆ ಚೆನ್ನೈಯಿನ್‌ನ ಮೆಂಡೋಜ ಮತ್ತೊಂದು ಹೊಡೆದರು. 3-2. ಮುಗಿಯಿತು.

ನಾನು ತಲೆ ಹಿಡಿದುಕೊಂಡು ಕೂತೆ. ಕಾಕಾ ಮಾತ್ರ ಶೇಂಗಾ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡು, "ಲೇ ತಮ್ಮಾ, ಇದು ಅಂವಗ ಹೊಸಾದೇನಲ್ಲ. ಕಡೀ ಘಳಿಗ್ಯಾಗ ಕೈ ತಪ್ಪೂದು ಅಂವಗ ರೂಢಿ ಐತಿ" ಎಂದರು.

ಆ ಮಾತು ಅಂದು ತಮಾಷೆಯಾಗಿ ಕೇಳಿಸಿತ್ತು. ಈಗ ನನಗೂ ಮೂವತ್ತೆಂಟು. ಕೆಲವು ತಿಂಗಳಿಂದ ಅದೇ ಮಾತು ತಲೆಯೊಳಗೆ ತಿರುಗುತ್ತಿದೆ. ಅದಕ್ಕೇ ಈ ಬರಹ.

ಜಿಕೊ ಅವರ ಪೂರ್ತಿ ಹೆಸರು ಆರ್ಥರ್ ಆಂಟ್ಯೂನೆಸ್ ಕೊಯಿಂಬ್ರಾ. 1953ರ ಮಾರ್ಚ್ 3ರಂದು ರಿಯೊ ಡಿ ಜನೈರೊದ ಕಿಂಟಿನೊ ಎಂಬ ಬಡಾವಣೆಯಲ್ಲಿ, ಆರು ಮಕ್ಕಳಲ್ಲಿ ಕಡೆಯವರಾಗಿ ಹುಟ್ಟಿದರು. ಅಪ್ಪ ಪೋರ್ಚುಗಲ್‌ನಿಂದ ವಲಸೆ ಬಂದವರು. ಆರ್ಥರ್ ಎಂಬುದು ಮನೆಯವರ ಮುದ್ದಿನಲ್ಲಿ ಆರ್ಥರ್‌ಜಿಕೊ ಆಗಿ, ಕಡೆಗೆ ಬರೀ ಜಿಕೊ ಉಳಿಯಿತು. ಅಣ್ಣಂದಿರು ಆಗಲೇ ಫುಟ್‌ಬಾಲ್ ಆಟಗಾರರು. ಹುಡುಗನ ಕಾಲಲ್ಲಿ ಜಾದೂ ಇತ್ತು, ಮೈಯಲ್ಲಿ ಮಾಂಸ ಇರಲಿಲ್ಲ. 1967ರಲ್ಲಿ ರೇಡಿಯೊ ವರದಿಗಾರರೊಬ್ಬರು ಆಟ ನೋಡಿ ಅವನನ್ನು ಫ್ಲಮೆಂಗೊ ಕ್ಲಬ್ಬಿಗೆ ಕರೆದೊಯ್ದಾಗ ವಯಸ್ಸು ಹದಿನಾಲ್ಕು. ಈ ಕಡ್ಡಿಯನ್ನು ಯಾರಾದರೂ ಊದಿದರೆ ಹಾರಿಹೋದೀತು ಎಂಬಂತಿದ್ದ. ಕ್ಲಬ್ಬಿನವರು ಅವನನ್ನು ವಾಪಸ್ ಕಳಿಸಲಿಲ್ಲ. ವ್ಯಾಯಾಮ ಶಿಕ್ಷಕರನ್ನು, ವೈದ್ಯರನ್ನು ಗೊತ್ತುಮಾಡಿ, ಊಟದಿಂದ ಕಸರತ್ತಿನವರೆಗೆ ವರ್ಷಗಟ್ಟಲೆ ಲೆಕ್ಕ ಹಾಕಿ ಆ ಮೈಯನ್ನು ಕಟ್ಟಿದರು. ಜಿಕೊ ಹುಟ್ಟಾ ಪ್ರತಿಭೆ ಎನ್ನುವವರು ಈ ವರ್ಷಗಳನ್ನು ಮರೆಯುತ್ತಾರೆ.

ಮೊದಲ ಪೆಟ್ಟು ಬಿದ್ದದ್ದು ಮೈದಾನದ ಹೊರಗೆ. ಬ್ರೆಜಿಲ್‌ನಲ್ಲಿ 1964ರಿಂದ ಮಿಲಿಟರಿ ಆಡಳಿತ. ಅಣ್ಣ ನಾಂಡೊ, ಪಾವ್ಲೊ ಫ್ರೇರೆ ಅವರ ವಿಧಾನದಲ್ಲಿ ವಯಸ್ಕರಿಗೆ ಅಕ್ಷರ ಕಲಿಸುವ ಕಾರ್ಯಕ್ರಮದಲ್ಲಿ ಕೆಲಸ ಮಾಡಿದ್ದವರು. ಅಷ್ಟಕ್ಕೇ ಆಡಳಿತದ ಕಣ್ಣು ಅವರ ಮೇಲೆ ಬಿತ್ತು. ಇತ್ತ ತಮ್ಮ, 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಟೂರ್ನಿಯಲ್ಲಿ ಅರ್ಜೆಂಟೀನಾ ವಿರುದ್ಧ ಗೋಲು ಹೊಡೆದಿದ್ದ. ಆದರೂ ಒಲಿಂಪಿಕ್ಸ್ ತಂಡದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಅಣ್ಣನ ಕಾರಣಕ್ಕೇ ಹೀಗಾಯಿತು ಎಂಬುದು ಮನೆಯವರ ನಂಬಿಕೆ. ಹತ್ತೊಂಬತ್ತರ ಹುಡುಗ ಆಟವೇ ಬೇಡವೆಂದು ಕೂತಿದ್ದ. ಅಣ್ಣಂದಿರು ಬುದ್ಧಿ ಹೇಳಿ ಮತ್ತೆ ಮೈದಾನಕ್ಕೆ ಕಳಿಸಿದರು. ನಾಂಡೊ ಅವರಿಗೆ ಅನ್ಯಾಯವಾಗಿತ್ತೆಂದು ಬ್ರೆಜಿಲ್ ಸರ್ಕಾರ ಒಪ್ಪಿಕೊಂಡದ್ದು 2010ರಲ್ಲಿ.

ಮುಂದಿನ ಹತ್ತು ವರ್ಷ ಫ್ಲಮೆಂಗೊ ಎಂದರೆ ಜಿಕೊ. ಹತ್ತನೇ ನಂಬರ್ ಅಂಗಿ, ಮಿಡ್‌ಫೀಲ್ಡ್‌ನಿಂದ ನುಗ್ಗಿ ಬರುವ ಓಟ, ಗೋಡೆಯಂತೆ ನಿಂತವರ ತಲೆ ಮೇಲಿಂದ ಬಾಗಿ ಮೂಲೆ ಸೇರುವ ಫ್ರೀ ಕಿಕ್. ತರಬೇತಿ ಮುಗಿದು ಎಲ್ಲರೂ ಹೋದ ಮೇಲೂ ಒಬ್ಬರೇ ಫ್ರೀ ಕಿಕ್ ಅಭ್ಯಾಸ ಮಾಡುವುದು ಅವರ ಪಾಠವಾಗಿತ್ತು. ಆ ಕ್ಲಬ್ಬಿಗಾಗಿ ಐನೂರಕ್ಕೂ ಹೆಚ್ಚು ಗೋಲು ಹೊಡೆದರು. 1981ರ ನವೆಂಬರ್‌ನಲ್ಲಿ ಚಿಲಿಯ ಕೊಬ್ರೆಲೋವಾ ತಂಡದ ವಿರುದ್ಧ ಮೊಂಟೆವಿಡಿಯೊದಲ್ಲಿ ಎರಡೂ ಗೋಲು ತಾವೇ ಹೊಡೆದು ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್ ತಂದುಕೊಟ್ಟರು. ಡಿಸೆಂಬರ್ 13ಕ್ಕೆ ಟೋಕಿಯೊದಲ್ಲಿ ಯುರೋಪಿನ ಚಾಂಪಿಯನ್ ಲಿವರ್‌ಪೂಲ್ ಎದುರು. ಮೊದಲರ್ಧದಲ್ಲೇ 3-0. ಜಿಕೊ ಒಂದೂ ಗೋಲು ಹೊಡೆಯಲಿಲ್ಲ, ಆದರೂ ಪಂದ್ಯಶ್ರೇಷ್ಠರು ಅವರೇ. ಹೊಡೆಸಿದವನನ್ನೂ ಲೆಕ್ಕಕ್ಕೆ ತಗೊಂಡ ಅಪರೂಪದ ದಿನ ಅದು. ಜಪಾನಿನ ಜನ ಅವರನ್ನು ಕಣ್ಣಾರೆ ನೋಡಿದ್ದೂ ಆಗ. ಈ ಸಂಗತಿ ನೆನಪಿಟ್ಟುಕೊಳ್ಳಿ.

ಇನ್ನು ವಿಶ್ವಕಪ್. 1978ರಲ್ಲಿ ಅರ್ಜೆಂಟೀನಾದಲ್ಲಿ ಸ್ವೀಡನ್ ವಿರುದ್ಧದ ಪಂದ್ಯ 1-1 ಇತ್ತು. ಕಡೆಯ ಕ್ಷಣದ ಕಾರ್ನರ್, ಜಿಕೊ ತಲೆ ಕೊಟ್ಟರು, ಚೆಂಡು ಬಲೆಯೊಳಗೆ. ಆದರೆ ವೇಲ್ಸ್‌ನ ರೆಫ್ರಿ ಕ್ಲೈವ್ ಥಾಮಸ್, ಚೆಂಡು ಗಾಳಿಯಲ್ಲಿದ್ದಾಗಲೇ ಆಟ ಮುಗಿಯಿತೆಂದು ಸೀಟಿ ಊದಿಬಿಟ್ಟಿದ್ದರು. ಗೋಲು ಲೆಕ್ಕಕ್ಕಿಲ್ಲ. ಆ ಬಾರಿ ಬ್ರೆಜಿಲ್ ಒಂದೂ ಪಂದ್ಯ ಸೋಲದೆ ಮೂರನೇ ಸ್ಥಾನ ಪಡೆಯಿತು.

1982ರ ತಂಡದ ಬಗ್ಗೆ ಹೇಳುವಾಗ ಕಾಕಾನ ಧ್ವನಿಯೇ ಬದಲಾಗುತ್ತದೆ. ಕೋಚ್ ಟೆಲೆ ಸಂತಾನ. ಮಧ್ಯದಲ್ಲಿ ಜಿಕೊ, ಸಾಕ್ರೆಟಿಸ್, ಫಲ್ಕಾವ್, ಸೆರೆಜೊ. ಸೋವಿಯತ್ ಒಕ್ಕೂಟ, ಸ್ಕಾಟ್ಲೆಂಡ್, ನ್ಯೂಜಿಲೆಂಡ್, ಅರ್ಜೆಂಟೀನಾ ಎಲ್ಲವನ್ನೂ ಸೋಲಿಸಿ, ಜುಲೈ 5ರಂದು ಬಾರ್ಸಿಲೋನಾದ ಸರಿಯಾ ಮೈದಾನದಲ್ಲಿ ಇಟಲಿಗೆ ಎದುರಾದರು. ಡ್ರಾ ಆಗಿದ್ದರೂ ಸಾಕಿತ್ತು, ಸೆಮಿಫೈನಲ್ ಖಚಿತ. ಇಟಲಿಯ ಜೆಂಟೀಲೆ ಇಡೀ ಪಂದ್ಯ ಜಿಕೊ ಬೆನ್ನಿಗಂಟಿಕೊಂಡಿದ್ದರು. ಎಳೆದಾಟದಲ್ಲಿ ಜಿಕೊ ಅಂಗಿಯೇ ಹರಿಯಿತು. ಆ ಕಾವಲಿನ ನಡುವೆಯೂ ಸಾಕ್ರೆಟಿಸ್‌ಗೆ ಪಾಸ್ ಕೊಟ್ಟು ಒಂದು ಗೋಲು ಹೊಡೆಸಿದರು. ಆದರೆ ಪಾವ್ಲೊ ರೊಸ್ಸಿ ಒಬ್ಬರೇ ಮೂರು ಹೊಡೆದರು. 3-2. ಚೆಂದದ ಆಟ ಮನೆಗೆ ಹೋಯಿತು, ಇಟಲಿ ಕಪ್ ಗೆದ್ದಿತು.

ಮರುವರ್ಷ ಅದೇ ಇಟಲಿಗೆ ಜಿಕೊ ನೌಕರಿಗೆ ಹೋದರು! ಉದಿನೆ ಎಂಬ ಸಣ್ಣ ಊರಿನ ಉದಿನೇಸೆ ಕ್ಲಬ್ ಅವರನ್ನು ಕೊಂಡಾಗ, ಅಲ್ಲಿನ ಫುಟ್‌ಬಾಲ್ ಮಂಡಳಿ ಒಪ್ಪಂದಕ್ಕೆ ಅಡ್ಡಗಾಲು ಹಾಕಿತು. ಒಂದು ಕಾಲಕ್ಕೆ ಆಸ್ಟ್ರಿಯಾ ಆಳ್ವಿಕೆಯಲ್ಲಿದ್ದ ಊರದು. ಜನ ಬೀದಿಗಿಳಿದು "ಜಿಕೊ ಇಲ್ಲವೇ ಆಸ್ಟ್ರಿಯಾ" ಎಂದು ಕೂಗಿದರು. ಒಬ್ಬ ಆಟಗಾರನಿಗಾಗಿ ದೇಶವನ್ನೇ ಬಿಡುತ್ತೇವೆಂಬ ಬೆದರಿಕೆ. ಕಡೆಗೆ ಒಪ್ಪಿಗೆ ಸಿಕ್ಕಿತು. ಮೊದಲ ಸೀಸನ್‌ನಲ್ಲಿ 24 ಪಂದ್ಯಕ್ಕೆ 19 ಗೋಲು. ಅವರಿಗಿಂತ ಒಂದೇ ಒಂದು ಗೋಲು ಹೆಚ್ಚು ಹೊಡೆದು ಮೊದಲ ಸ್ಥಾನ ಪಡೆದವರು ಮಿಷೆಲ್ ಪ್ಲಾಟಿನಿ. ಅಲ್ಲೂ ಕೂದಲೆಳೆ.

1985ರಲ್ಲಿ ಊರಿಗೆ ಮರಳಿದರು. ಕೆಲವೇ ವಾರಗಳಲ್ಲಿ ಎದುರಾಳಿಯ ಕ್ರೂರ ಟ್ಯಾಕಲ್‌ಗೆ ಮೊಣಕಾಲು ಸಿಕ್ಕಿ ನಜ್ಜುಗುಜ್ಜಾಯಿತು. ಆಪರೇಷನ್ ಮೇಲೆ ಆಪರೇಷನ್. ಆ ಮೊಣಕಾಲಿನಲ್ಲೇ 1986ರ ವಿಶ್ವಕಪ್‌ಗೆ ಹೋದರು.

ಜೂನ್ 21, ಮೆಕ್ಸಿಕೋದ ಗ್ವಾಡಲಹಾರ. ಫ್ರಾನ್ಸ್ ವಿರುದ್ಧ ಕ್ವಾರ್ಟರ್ ಫೈನಲ್. ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ರಾತ್ರಿ ಹನ್ನೊಂದೂವರೆ. ಕಾಕಾ ಆಗ ಕಾಲೇಜು ಹುಡುಗ. ಕ್ಯಾಂಪಿನಲ್ಲಿ ಗೆಳೆಯನೊಬ್ಬನ ಮನೆಯ ಕಪ್ಪು ಬಿಳುಪು ಟಿ.ವಿ. ಮುಂದೆ ಕೂತಿದ್ದನಂತೆ. 1-1 ಇದ್ದಾಗ ದ್ವಿತೀಯಾರ್ಧದಲ್ಲಿ ಜಿಕೊ ಬದಲಿ ಆಟಗಾರನಾಗಿ ಇಳಿದರು. ಇಳಿದ ಕೆಲವೇ ಕ್ಷಣದಲ್ಲಿ ಅವರು ಕೊಟ್ಟ ಪಾಸ್ ಹಿಡಿದು ಬ್ರಾಂಕೊ ನುಗ್ಗಿದರು, ಗೋಲ್‌ಕೀಪರ್ ಬಾಟ್ಸ್ ಅವರನ್ನು ಕೆಡವಿದರು. ಪೆನಾಲ್ಟಿ. ಮೈ ಬಿಸಿಯಾಗಲೂ ಪುರುಸೊತ್ತಿರದ ಜಿಕೊ ಚೆಂಡು ಇಟ್ಟು ಒದ್ದರು. ಬಾಟ್ಸ್ ತಡೆದುಬಿಟ್ಟರು.

ಪಂದ್ಯ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಬಹಳ ಜನ ಮರೆತಿರುವುದು ಇಲ್ಲಿದೆ: ಶೂಟೌಟ್‌ನಲ್ಲಿ ಜಿಕೊ ಮತ್ತೆ ಬಂದರು, ಮತ್ತೆ ಒದ್ದರು, ಗೋಲು ಹೊಡೆದರು. ಸಾಕ್ರೆಟಿಸ್ ಮತ್ತು ಜೂಲಿಯೊ ಸೀಸರ್ ತಪ್ಪಿದರು. ಅತ್ತ ಪ್ಲಾಟಿನಿಯೂ ತಪ್ಪಿದರು. ಫ್ರಾನ್ಸ್ ಗೆದ್ದಿತು. ಪ್ಲಾಟಿನಿ ತಪ್ಪಿದ್ದು ಯಾರಿಗೂ ನೆನಪಿಲ್ಲ, ಗೆದ್ದವರಲ್ಲವೇ.

ಈಗ ನನ್ನ ಕಥೆ ಒಂದಿಷ್ಟು. ಕೆಲವು ವರ್ಷದ ಹಿಂದೆ ಒಬ್ಬ ದೊಡ್ಡ ಕ್ಲೈಂಟ್‌ನ ಡೇಟಾ ಹೊಸ ಸಿಸ್ಟಮ್‌ಗೆ ಸಾಗಿಸುವ ರಾತ್ರಿ. ಜ್ವರದಿಂದ ಮೂರು ದಿನ ರಜೆಯಲ್ಲಿದ್ದೆ. ಮಧ್ಯರಾತ್ರಿ ಏನೋ ಸಿಕ್ಕಿಕೊಂಡಿತೆಂದು ಕಾಲ್‌ಗೆ ಕರೆದರು. "ಸೀನಿಯರ್ ನೀವೇ, ನೀವೇ ಮಾಡಿ" ಎಂದರು. ಮೂರು ದಿನದಲ್ಲಿ ಬದಲಾಗಿದ್ದನ್ನು ವಿಚಾರಿಸದೆ ಸ್ಕ್ರಿಪ್ಟ್ ಓಡಿಸಿದೆ. ಬೆಳಗ್ಗೆ ಒಂಬತ್ತರವರೆಗೆ ಎಲ್ಲವನ್ನೂ ಹಿಂದಕ್ಕೆ ತಿರುಗಿಸುತ್ತ ಕೂತೆವು. ಅದಕ್ಕೆ ಮುಂಚಿನ ಹನ್ನೆರಡು ವರ್ಷಗಳ ಕೆಲಸ ಒಂದು ಎಂಟರ್ ಕೀಯಲ್ಲಿ ಮರೆತುಹೋಯಿತು. ಮೇಲಿನ ಹುದ್ದೆ ಬೇರೆಯವರ ಪಾಲಾಯಿತು. ಈ ವರ್ಷ ಮತ್ತೊಂದು ಮಾತು ಬಂತು: ಸಣ್ಣ ಊರೊಂದರಲ್ಲಿ ಹೊಸ ಸೆಂಟರ್ ತೆರೆಯುತ್ತಿದ್ದೇವೆ, ಎಲ್ಲ ಹೊಸ ಹುಡುಗರು, ಹೋಗಿ ತಂಡ ಕಟ್ಟಿ ಎಂದರು. ನನಗದು ಬದಿಗೆ ಸರಿಸಿದಂತೆ ಕೇಳಿಸಿತು. ರಾಜೀನಾಮೆ ಬರೆದಿಟ್ಟು ಕಾಕಾನಿಗೆ ಫೋನ್ ಮಾಡಿದೆ.

"ಎಷ್ಟಲೇ ನಿನ್ನ ವಯಸ್ಸು?" ಎಂದರು.

"ಮೂವತ್ತೆಂಟು."

"ಜಿಕೊ ಜಪಾನಿಗೆ ಹೋದಾಗ ಎಷ್ಟಿತ್ತು ನೋಡು. ನೋಡಿ ಆಮ್ಯಾಲ ಮಾತಾಡು" ಎಂದು ಫೋನ್ ಇಟ್ಟೇಬಿಟ್ಟರು.

ನೋಡಿದೆ. 1990ರಲ್ಲಿ ಜಿಕೊ ಮರಕಾನ ಸ್ಟೇಡಿಯಂನಲ್ಲಿ ವಿದಾಯ ಪಂದ್ಯ ಆಡಿ, ಬ್ರೆಜಿಲ್ ಸರ್ಕಾರದ ಕ್ರೀಡಾ ಕಾರ್ಯದರ್ಶಿಯಾದರು. ಆಗ ಅಲ್ಲಿ 'ಪಾಸೆ' ಎಂಬ ಪದ್ಧತಿಯಿತ್ತು. ಕರಾರು ಮುಗಿದರೂ ಆಟಗಾರ ಕ್ಲಬ್ಬಿನ ಸೊತ್ತು, ಅವರು ಬಿಡದೆ ಬೇರೆಡೆ ಹೋಗುವಂತಿಲ್ಲ. ಮೊದಲ ನೌಕರಿಯಲ್ಲಿ ಬಾಂಡ್ ಬರೆದುಕೊಟ್ಟ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಅದನ್ನು ಬದಲಿಸಲು ಅವರು ಕೆಲಸ ಶುರುಮಾಡಿದರು. 1993ರ ಕ್ರೀಡಾ ಕಾನೂನಿಗೆ ಅವರದೇ ಹೆಸರು ಬಂತಾದರೂ ಪಾಸೆಗೆ ಕೊನೆ ಹಾಡಿದ್ದು 1998ರ ಕಾನೂನು. ಅದಕ್ಕೆ ಪೆಲೆ ಹೆಸರು. ಇಲ್ಲೂ ಪಾಸ್ ಕೊಟ್ಟವರು ಜಿಕೊ, ಗೋಲು ಇನ್ನೊಬ್ಬರದು.

1991ರಲ್ಲಿ ಸರ್ಕಾರಿ ಹುದ್ದೆ ಬಿಟ್ಟು ಅವರು ಹೋದದ್ದು ಜಪಾನಿನ ಕಾಶಿಮಾ ಎಂಬ ಊರಿಗೆ. ಸುಮಿತೊಮೊ ಮೆಟಲ್ ಎಂಬ ಉಕ್ಕಿನ ಕಂಪನಿಯ ತಂಡ, ಅದೂ ಎರಡನೇ ಡಿವಿಷನ್. ನಮ್ಮ ಭದ್ರಾವತಿಯ ಕಾರ್ಖಾನೆ ತಂಡಕ್ಕೆ ವಿಶ್ವವಿಖ್ಯಾತ ಆಟಗಾರ ಬಂದು ಸೇರಿದ ಹಾಗೆ. ಜಿಕೊಗೆ ಆಗ ಮೂವತ್ತೆಂಟು.

ಜಪಾನಿನಲ್ಲಿ ವೃತ್ತಿಪರ ಜೆ ಲೀಗ್ ಶುರುವಾಗುವುದಿತ್ತು. ಕಾಶಿಮಾದಂಥ ಸಣ್ಣ ಊರಿಗೆ ಅದರಲ್ಲಿ ಜಾಗವೇ ಇಲ್ಲ ಎಂಬಂತೆ ಮಾತಾಡಿದ್ದರು ಲೀಗ್ ಅಧ್ಯಕ್ಷ ಕವಾಬುಚಿ. ಹದಿನೈದು ಸಾವಿರ ಜನ ಕೂರುವ, ಚಾವಣಿಯಿರುವ ಫುಟ್‌ಬಾಲ್ ಸ್ಟೇಡಿಯಂ ಕಟ್ಟಿದರೆ ನೋಡೋಣ ಎಂದರು. ಊರಿನವರು ಕಟ್ಟಿಯೇಬಿಟ್ಟರು. ಜಿಕೊ ಅವರ ಕೆಲಸ ಗೋಲು ಹೊಡೆಯುವುದಷ್ಟೇ ಆಗಿರಲಿಲ್ಲ. ಕಾರ್ಖಾನೆಯ ಹುಡುಗರಿಗೆ ವೃತ್ತಿಪರ ಆಟಗಾರ ಹೇಗೆ ಬದುಕಬೇಕು, ಸೋಲನ್ನು ಯಾಕೆ ಸುಲಭವಾಗಿ ಒಪ್ಪಬಾರದು ಎಂದು ಕಲಿಸಬೇಕಿತ್ತು. 1993ರ ಮೇ 16ರಂದು ಕಾಶಿಮಾ ಆಂಟ್ಲರ್ಸ್ ಎಂಬ ಹೊಸ ಹೆಸರಿನ ಆ ತಂಡ ಲೀಗ್‌ನ ತನ್ನ ಮೊದಲ ಪಂದ್ಯದಲ್ಲಿ ನಗೋಯಾ ತಂಡವನ್ನು 5-0ಯಿಂದ ಹೊಡೆಯಿತು. ಜಿಕೊ ಮೂರು ಗೋಲು, ಜೆ ಲೀಗ್‌ನ ಮೊದಲ ಹ್ಯಾಟ್ರಿಕ್. ವಯಸ್ಸು ನಲವತ್ತು.

ದೇವರಂತೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಸೀಸನ್ನಿನ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಎದುರಾಳಿಗೆ ಪೆನಾಲ್ಟಿ ಕೊಟ್ಟಾಗ ಇದೇ ಜಿಕೊ ಸಿಟ್ಟಿಗೆದ್ದು ಚೆಂಡಿನ ಮೇಲೆ ಉಗುಳಿ ಮೈದಾನದಿಂದ ಹೊರಹಾಕಿಸಿಕೊಂಡರು. ಮುಂದೆ ಜಪಾನ್ ರಾಷ್ಟ್ರೀಯ ತಂಡದ ಕೋಚ್ ಆಗಿ 2004ರ ಏಷ್ಯಾ ಕಪ್ ಗೆಲ್ಲಿಸಿದರು. 2006ರ ವಿಶ್ವಕಪ್‌ನಲ್ಲಿ ತಮ್ಮದೇ ಬ್ರೆಜಿಲ್ ಎದುರು 4-1ರಿಂದ ಸೋತರು. ಗೋವಾದಲ್ಲಿ ಮೊದಲ ವರ್ಷ ಸೆಮಿಫೈನಲ್‌ನಲ್ಲಿ ಶೂಟೌಟ್ ಸೋಲು, ಎರಡನೇ ವರ್ಷ ನಾವು ಕಂಡ ಆ ಫೈನಲ್, ಮೂರನೇ ವರ್ಷ ಕಟ್ಟಕಡೆಯ ಸ್ಥಾನ.

ಆದರೆ ಕಾಶಿಮಾ ಉಳಿಯಿತು, ಬೆಳೆಯಿತು. ಜಪಾನಿನಲ್ಲಿ ಅತಿ ಹೆಚ್ಚು ಪ್ರಶಸ್ತಿ ಗೆದ್ದ ಕ್ಲಬ್ ಆಯಿತು. 2016ರ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಹೆಚ್ಚುವರಿ ಸಮಯದವರೆಗೆ ಎಳೆದೊಯ್ದಿತು. 2018ರಲ್ಲಿ ಜಿಕೊ ತಾಂತ್ರಿಕ ನಿರ್ದೇಶಕರಾಗಿ ಮರಳಿದ ವರ್ಷವೇ ಮೊದಲ ಬಾರಿ ಏಷ್ಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಸ್ಟೇಡಿಯಂ ಹತ್ತಿರ ಅವರ ಪ್ರತಿಮೆ ಇದೆ. ಪೆನಾಲ್ಟಿ ತಪ್ಪಿದವನೆಂದು ಅಲ್ಲಿ ಯಾರೂ ಅವರನ್ನು ಗುರುತಿಸುವುದಿಲ್ಲ.

ಮರುದಿನ ಕಾಕಾನಿಗೆ ಫೋನ್ ಮಾಡಿ, "ನೋಡಿದೆ. ಮೂವತ್ತೆಂಟೇ" ಎಂದೆ.

"ಮತ್ತ? ಹೊಂಟೀಯೇನು?"

"ಅವನು ಜಿಕೊ, ನಾನು ನಾನು" ಎಂದೆ.

"ಅದು ಗೊತ್ತೈತಿ. ಅಂವ ತಪ್ಪಿಸಿದ ಮ್ಯಾಲೂ ಶೂಟೌಟ್‌ನ್ಯಾಗ ಮತ್ತ ಹೋಗಿ ನಿಂತಾನಲ್ಲ, ಅಷ್ಟು ಮಾಡು ಸಾಕು."

ರಾಜೀನಾಮೆಯ ಮೇಲ್ ಡ್ರಾಫ್ಟ್‌ನಲ್ಲೇ ಇತ್ತು. ಅಳಿಸಿದೆ. ಬರುವ ತಿಂಗಳು ಆ ಸಣ್ಣ ಊರಿಗೆ ಹೊರಡುತ್ತಿದ್ದೇನೆ. ಹದಿನಾಲ್ಕು ಹುಡುಗ ಹುಡುಗಿಯರಿದ್ದಾರಂತೆ, ಎಲ್ಲರಿಗೂ ಇದು ಮೊದಲ ನೌಕರಿ. ಪ್ರೊಡಕ್ಷನ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಮುನ್ನ ಏನೇನು ವಿಚಾರಿಸಬೇಕು ಎಂಬುದೇ ಮೊದಲ ಪಾಠ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಕಡಿಮೆ.